ಎರಡನೆಯ ಕರೆ

1998ರ ಸೆಪ್ಟೆಂಬರ್‌ನಲ್ಲಿ ವಸ್ತ್ರವಿನ್ಯಾಸಕ ಅಲೆಕ್ಸಾಂಡರ್ ಮೆಕ್‌ಕ್ವೀನ್ ಲಂಡನ್ನಿನಲ್ಲಿ ಮುಂದಿನ ವರ್ಷದ ಉಡುಪುಗಳನ್ನು ಪ್ರದರ್ಶನಕ್ಕಿಟ್ಟರು. ಅಂದು ರ‍್ಯಾಂಪ್ ಮೇಲೆ ನಡೆದವರಲ್ಲಿ ಅಮೆರಿಕದ ಏಮಿ ಮಲಿನ್ಸ್ ಕೂಡ ಒಬ್ಬರು. ವರ್ಷದ ಕೂಸಾಗಿದ್ದಾಗಲೇ ಮೊಣಕಾಲ ಕೆಳಗೆ ಎರಡೂ ಕಾಲು ಕಳೆದುಕೊಂಡಿದ್ದ ಆಕೆ 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿ ಬಂದಿದ್ದರು. ಆಕೆಗಾಗಿ ಮೆಕ್‌ಕ್ವೀನ್ ಆ್ಯಶ್ ಮರದಲ್ಲಿ ಕಾಲುಗಳನ್ನು ಕೆತ್ತಿಸಿದ್ದರು. ಮರದ ಮೇಲೆಲ್ಲ ದ್ರಾಕ್ಷಿ ಬಳ್ಳಿ, ಮ್ಯಾಗ್ನೋಲಿಯಾ ಹೂಗಳ ಕುಸುರಿ. ನೋಡುತ್ತ ಕೂತವರಲ್ಲಿ ಹಲವರು ಅವು ಬೂಟುಗಳೆಂದೇ ತಿಳಿದರು. ಅದೇ ತಿಂಗಳ ‘ಡೇಜ್ಡ್ ಆ್ಯಂಡ್ ಕನ್‌ಫ್ಯೂಸ್ಡ್’ ಪತ್ರಿಕೆಗೆ ಮೆಕ್‌ಕ್ವೀನ್ ಅತಿಥಿ ಸಂಪಾದಕರಾಗಿದ್ದರು. ಅಂಗವೈಕಲ್ಯ ಇರುವವರನ್ನೇ ಅದರಲ್ಲಿ ಮಾಡೆಲ್‌ಗಳನ್ನಾಗಿಸಿದ್ದರು. ಚಿತ್ರ ತೆಗೆದವರು ನಿಕ್ ನೈಟ್, ಮುಖಪುಟದಲ್ಲಿ ಇದ್ದವರು ಮಲಿನ್ಸ್.

ಫ್ಯಾಷನ್ ಲೋಕ ಈ ಕಥೆಯನ್ನು ಕಾಲು ಶತಮಾನದಿಂದ ಹೇಳುತ್ತ ಬಂದಿದೆ. ಆಮೇಲೆ ಇಂಥ ಕಥೆಗಳು ಸಾಲುಸಾಲಾಗಿ ಸೇರಿಕೊಂಡವು: ಗಾಲಿಕುರ್ಚಿಯಲ್ಲಿ ರ‍್ಯಾಂಪ್ ಏರಿದ ಮೊದಲ ಮಹಿಳೆ, ದೊಡ್ಡ ಏಜೆನ್ಸಿ ಸೇರಿದ ಮೊದಲ ಗಾಲಿಕುರ್ಚಿ ಬಳಕೆದಾರೆ, ‘ವೋಗ್’ ಮುಖಪುಟಕ್ಕೆ ಬಂದ ಮೊದಲ ಕುಬ್ಜದೇಹದ ಮಹಿಳೆ. ಒಂದೊಂದು ‘ಮೊದಲು’ ಕೂಡ ಸುದ್ದಿಯಾಯಿತು, ಚಪ್ಪಾಳೆ ಗಿಟ್ಟಿಸಿತು. ಆದರೆ ಒಮ್ಮೆ ಕರೆದು ನಿಲ್ಲಿಸಿದ ಮಾತ್ರಕ್ಕೆ ಯಾರಿಗೂ ವೃತ್ತಿ ಸಿಕ್ಕಂತಾಗುವುದಿಲ್ಲ. ಎರಡನೆಯ ಸಲ, ಹತ್ತನೆಯ ಸಲ, ಯಾವ ಸುದ್ದಿಯೂ ಆಗದೆ ಕರೆ ಬಂದು, ಕೆಲಸ ಮುಗಿದು, ದುಡ್ಡು ಖಾತೆಗೆ ಬಿದ್ದರೆ ಅದು ವೃತ್ತಿ. ಅಂಗವೈಕಲ್ಯ ಇರುವ ಮಾಡೆಲ್‌ಗಳ ಮಟ್ಟಿಗೆ ಆ ಎರಡನೆಯ ಕರೆ ಎಷ್ಟು ಸುಲಭ, ಎಲ್ಲಿ ತಡೆಯುತ್ತದೆ, ಯಾಕೆ ತಡೆಯುತ್ತದೆ ಎಂಬುದೇ ಈ ಬರಹದ ವಿಚಾರ.

ಮರೆಮಾಚುವಿಕೆಯ ಕಾಲ

ಮಲಿನ್ಸ್‌ಗಿಂತ ಮೊದಲೂ ಅಂಗವೈಕಲ್ಯ ಇರುವವರು ಕ್ಯಾಮೆರಾ ಎದುರು ನಿಂತದ್ದುಂಟು. ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ಎಲೆನ್ ಸ್ಟೋಲ್ ಪತ್ರ ಬರೆದು ತಾವಾಗಿ ಅವಕಾಶ ಕೇಳಿ, 1987ರ ಜುಲೈ ‘ಪ್ಲೇಬಾಯ್’ ಸಂಚಿಕೆಯಲ್ಲಿ ಕಾಣಿಸಿಕೊಂಡರು. ಅಂಗವಿಕಲ ಹೆಣ್ಣಿಗೆ ಶೃಂಗಾರದ ಸಂಬಂಧವೇ ಇಲ್ಲವೆಂದು ನಂಬಿದ್ದ ಸಮಾಜಕ್ಕೆ ಅದು ಎದುರುತ್ತರವೆಂದು ಕೆಲವರು ಮೆಚ್ಚಿದರು. ಆ ಪತ್ರಿಕೆಯಲ್ಲಿ ಬರುವುದು ಎಂಥ ಗೆಲುವು ಎಂದು ಕೆಲವರು ಮೂಗು ಮುರಿದರು. 1993ರಲ್ಲಿ ಲಂಡನ್ನಿನ ರಸ್ತೆಯಲ್ಲಿ ಪೊಲೀಸ್ ಮೋಟಾರ್‌ಸೈಕಲ್ ಬಡಿದು ಒಂದು ಕಾಲು ಕಳೆದುಕೊಂಡ ಹೆದರ್ ಮಿಲ್ಸ್ ಅದಾಗಲೇ ಮಾಡೆಲ್ ಆಗಿದ್ದವರು. ಕೃತಕ ಕಾಲು ಹಾಕಿಕೊಂಡು ಕೆಲಸ ಮುಂದುವರಿಸಿದರು.

ಆದರೆ ಆ ದಶಕದ ಮುಖ್ಯವಾಹಿನಿಗೆ ಬೇಕಿದ್ದದ್ದು ಅಂಗವೈಕಲ್ಯದ ಉಪಕರಣಗಳು ಮಾತ್ರ, ಅವನ್ನು ಬಳಸುವ ಜನರಲ್ಲ. 1995ರ ಫೆಬ್ರವರಿಯ ಅಮೆರಿಕನ್ ‘ವೋಗ್’ಗೆ ಹೆಲ್ಮುಟ್ ನ್ಯೂಟನ್ ತೆಗೆದ ಚಿತ್ರಮಾಲೆಯಲ್ಲಿ ಮಾಡೆಲ್ ನಾದ್ಯಾ ಆವರ್‌ಮನ್ ಎತ್ತರದ ಹಿಮ್ಮಡಿಯ ಜೊತೆಗೆ ಊರುಗೋಲು, ಕಾಲಿನ ಕಟ್ಟು, ಗಾಲಿಕುರ್ಚಿ ಬಳಸಿ ಕಾಣಿಸಿಕೊಂಡರು. ಅವರಿಗೆ ಇವು ಯಾವುವೂ ಬೇಕಿರಲಿಲ್ಲ. ಮೂರೇ ವರ್ಷಗಳ ನಂತರ ಮೆಕ್‌ಕ್ವೀನ್ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಒಂದರಲ್ಲಿ ಉಪಕರಣ ಅಲಂಕಾರ, ಇನ್ನೊಂದರಲ್ಲಿ ಅದು ಧರಿಸಿದವರ ದೇಹದ ಭಾಗ.

ಈ ಪಾಠ ಅಷ್ಟು ಬೇಗ ತಲೆಗೆ ಇಳಿಯಲಿಲ್ಲ. 2015ರ ಡಿಸೆಂಬರ್‌ನ ‘ಇಂಟರ್‌ವ್ಯೂ’ ಪತ್ರಿಕೆಯ ಮುಖಪುಟಕ್ಕಾಗಿ ಅಂಗವೈಕಲ್ಯ ಇಲ್ಲದ ಟಿವಿ ತಾರೆ ಕೈಲಿ ಜೆನ್ನರ್ ಚಿನ್ನದ ಬಣ್ಣದ ಗಾಲಿಕುರ್ಚಿಯಲ್ಲಿ ಕೂತರು. ಮರುವರ್ಷ ರಿಯೊ ಪ್ಯಾರಾಲಿಂಪಿಕ್ಸ್‌ನ ಪ್ರಚಾರಕ್ಕೆಂದು ಬ್ರೆಜಿಲ್‌ನ ‘ವೋಗ್’ ಇಬ್ಬರು ಖ್ಯಾತ ನಟರ ಫೋಟೊಗಳಲ್ಲಿ ಕಂಪ್ಯೂಟರ್‌ನಿಂದ ಒಬ್ಬರ ಕೈ, ಇನ್ನೊಬ್ಬರ ಕಾಲು ತೆಗೆದುಹಾಕಿತು. ಆ ನಟರು ಯಾರನ್ನು ಪ್ರತಿನಿಧಿಸಿದ್ದರೋ ಆ ಕ್ರೀಡಾಪಟುಗಳೂ ಅದೇ ದೇಶದವರೇ. ಅವರನ್ನೇ ಕರೆದು ಫೋಟೊ ತೆಗೆಯಬಹುದಿತ್ತು. ಎರಡೂ ಪ್ರಸಂಗಗಳಲ್ಲಿ ಪ್ರತಿಭಟನೆ ಜೋರಾಗಿಯೇ ಕೇಳಿಬಂತು.

ಬಾಗಿಲು ತೆರೆದ ವರ್ಷಗಳು

ಬ್ರಿಟನ್ನಿನಲ್ಲಿ 2008ರಲ್ಲಿ ಬಿಬಿಸಿ ತ್ರೀ ವಾಹಿನಿ ಅಂಗವೈಕಲ್ಯ ಇರುವ ಎಂಟು ಯುವತಿಯರ ನಡುವೆ ‘ಬ್ರಿಟನ್ಸ್ ಮಿಸ್ಸಿಂಗ್ ಟಾಪ್ ಮಾಡೆಲ್’ ಎಂಬ ಸ್ಪರ್ಧೆ ನಡೆಸಿತು. ಹುಟ್ಟಿನಿಂದಲೇ ಎಡ ಮುಂಗೈ ಇಲ್ಲದ ಕೆಲ್ಲಿ ನಾಕ್ಸ್ ಗೆದ್ದರು. ಕೃತಕ ಕೈಯನ್ನು ಬಹಳ ಹಿಂದೆಯೇ ಬಿಟ್ಟಿದ್ದ ಅವರು ಇದ್ದಂತೆಯೇ ಕ್ಯಾಮೆರಾ ಎದುರಿಸಿದರು. 2010ರಲ್ಲಿ ಡೆಬೆನ್‌ಹ್ಯಾಮ್ಸ್ ಮಳಿಗೆ ತನ್ನ ಜಾಹೀರಾತಿಗೆ ಗಾಲಿಕುರ್ಚಿ ಬಳಸುವ ಶಾನನ್ ಮರ್ರೆ ಅವರನ್ನು ಆರಿಸಿತು. ಇದು ಪ್ರಸಿದ್ಧ ವಿನ್ಯಾಸಕರ ವೇದಿಕೆಯಲ್ಲ, ಜನ ದಿನನಿತ್ಯ ಬಟ್ಟೆ ಕೊಳ್ಳುತ್ತಿದ್ದ ಅಂಗಡಿ. ಹಾಗಾಗಿ ವೃತ್ತಿಯ ದೃಷ್ಟಿಯಿಂದ ಇದರ ತೂಕ ಹೆಚ್ಚು.

ಅಮೆರಿಕದಲ್ಲಿ 2014 ತಿರುವಿನ ವರ್ಷ. ಆ ಫೆಬ್ರವರಿಯಲ್ಲಿ ಮನೋವಿಜ್ಞಾನಿ ಡೇನಿಯಲ್ ಶೇಪಕ್ ವಿನ್ಯಾಸಕಿ ಕ್ಯಾರಿ ಹ್ಯಾಮರ್ ಅವರ ಉಡುಪು ತೊಟ್ಟು ನ್ಯೂಯಾರ್ಕ್ ಫ್ಯಾಷನ್ ವೀಕ್‌ನಲ್ಲಿ ಗಾಲಿಕುರ್ಚಿಯ ಮೇಲೆ ಬಂದರು. ಅದೇ ಹೊತ್ತಿಗೆ ಸ್ನಾಯುಕ್ಷಯ ಇರುವ ಜಿಲಿಯನ್ ಮರ್ಕಾಡೊ ‘ಡೀಸೆಲ್’ ಉಡುಪು ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಈ ಇಬ್ಬರಲ್ಲಿ ಎರಡನೆಯ ಕರೆಯ ಪ್ರಶ್ನೆಗೆ ಹೆಚ್ಚು ಉತ್ತರ ಕೊಡುವವರು ಮರ್ಕಾಡೊ. ಅವರು ನ್ಯೂಯಾರ್ಕಿನ ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದಿದವರು, ಆ ಉದ್ಯಮದೊಳಗೇ ದುಡಿದು ಜನರ ಪರಿಚಯ ಮಾಡಿಕೊಂಡಿದ್ದವರು. ‘ಡೀಸೆಲ್’ ಕೆಲಸದ ಮರುವರ್ಷ, 2015ರಲ್ಲಿ, ಐಎಂಜಿ ಮಾಡೆಲ್ಸ್ ಅವರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. 2016ರಲ್ಲಿ ಗಾಯಕಿ ಬಿಯಾನ್ಸೆ ಅವರ ಉಡುಪುಗಳ ಜಾಲತಾಣದಲ್ಲಿ ಅವರ ಚಿತ್ರಗಳು ಬಂದವು. ಆಮೇಲೆ ಟಿವಿ ಧಾರಾವಾಹಿ. ಒಂದರ ಹಿಂದೆ ಒಂದು ಬಂದ ಈ ಕೆಲಸಗಳ ನಡುವೆ ಏಜೆನ್ಸಿ ಎಂಬ ಕೊಂಡಿ ಇದೆ. ಮಾಡೆಲ್ ಮನೆಯಲ್ಲಿ ಮಲಗಿರುವಾಗಲೂ ಅವರ ಹೆಸರನ್ನು ಗ್ರಾಹಕರ ಮುಂದಿಡುವುದು, ಸಂಭಾವನೆ ಮಾತಾಡುವುದು, ಬಾಕಿ ವಸೂಲು ಮಾಡುವುದು ಅದರ ಕೆಲಸ.

ಆ್ಯರನ್ ರೋಸ್ ಫಿಲಿಪ್ ಬಂದ ದಾರಿ ಬೇರೆ. ಆಂಟಿಗುವಾದಲ್ಲಿ 2001ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ, ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ನಾಲ್ಕೂ ಬಾಧಿತವಾದ ಕಪ್ಪು ಟ್ರಾನ್ಸ್‌ಜೆಂಡರ್ ಯುವತಿ ಅವರು. ತಮ್ಮ ಫೋಟೊಗಳ ಜೊತೆ ‘ನನ್ನನ್ನು ಯಾವುದಾದರೂ ಏಜೆನ್ಸಿ ಗುರುತಿಸಲಿ, ಆಮೇಲೆ ನೋಡಿ’ ಎಂಬ ಧಾಟಿಯಲ್ಲಿ ಹಾಕಿದ ಟ್ವೀಟ್ ಸಾವಿರಾರು ಜನರಿಗೆ ತಲುಪಿತು. 2018ರಲ್ಲಿ ಎಲೀಟ್ ಏಜೆನ್ಸಿ ಅವರನ್ನು ಸೇರಿಸಿಕೊಂಡಿತು. 2021ರ ಸೆಪ್ಟೆಂಬರ್‌ನಲ್ಲಿ ಮೊಸ್ಕಿನೊ ಪ್ರದರ್ಶನದಲ್ಲಿ ಅವರು ತಮ್ಮ ವಿದ್ಯುತ್ ಗಾಲಿಕುರ್ಚಿಯಲ್ಲೇ ಬಂದರು. ಆಯ್ಕೆ ಮಾಡುವ ಕೋಣೆಗೆ ಮೆಟ್ಟಿಲಿದ್ದರೂ ಫೋನಿನ ಪರದೆಗೆ ಮೆಟ್ಟಿಲಿಲ್ಲ ಎಂಬುದನ್ನು ಈ ತಲೆಮಾರು ಚೆನ್ನಾಗಿ ಬಳಸಿಕೊಂಡಿತು.

ದೊಡ್ಡ ಏಜೆನ್ಸಿಗಳು ಒಬ್ಬಿಬ್ಬರಿಗೆ ಜಾಗ ಕೊಟ್ಟರೆ, ಇದನ್ನೇ ಮುಖ್ಯ ಕೆಲಸ ಮಾಡಿಕೊಂಡ ಏಜೆನ್ಸಿಗಳೂ ಹುಟ್ಟಿದವು. ಬ್ರಿಟನ್ನಿನ ಝೆಬೆಡೀ 2017ರಲ್ಲಿ ಲಾರಾ ಜಾನ್ಸನ್ ಮತ್ತು ಜೋಯಿ ಪ್ರಾಕ್ಟರ್ ಎಂಬ ನಾದಿನಿ–ಅತ್ತಿಗೆಯರು ಶುರು ಮಾಡಿದ ಸಂಸ್ಥೆ. ಡೌನ್ ಸಿಂಡ್ರೋಮ್ ಇರುವ ಎಲ್ಲಿ ಗೋಲ್ಡ್‌ಸ್ಟೀನ್ ಇಲ್ಲಿಂದಲೇ 2020ರಲ್ಲಿ ‘ಗುಚ್ಚಿ’ ಪ್ರಸಾಧನದ ಚಿತ್ರಗಳಿಗೆ ಹೋದರು. 2023ರ ಮೇ ತಿಂಗಳ ಬ್ರಿಟಿಷ್ ‘ವೋಗ್’ ಅಂಗವೈಕಲ್ಯಕ್ಕೇ ಮೀಸಲಾದ ಮುಖಪುಟಗಳನ್ನು ತಂದಾಗ ಗೋಲ್ಡ್‌ಸ್ಟೀನ್, ಫಿಲಿಪ್, ಐರ್ಲೆಂಡಿನ ಕುಬ್ಜದೇಹದ ಶಿನೇಡ್ ಬರ್ಕ್ ಎಲ್ಲರೂ ಅಲ್ಲಿದ್ದರು; ಸಂಚಿಕೆ ಬ್ರೈಲ್ ಲಿಪಿಯಲ್ಲೂ ಬಂತು. ಬರ್ಕ್ ಆ ಸಂಚಿಕೆಯ ಚಿತ್ರದಲ್ಲಿದ್ದಷ್ಟೇ ಅದರ ಯೋಜನೆಯಲ್ಲೂ ಇದ್ದರು. ಮುಖಪುಟಕ್ಕೆ ಬರುವುದಕ್ಕಿಂತ ಮುಖಪುಟಕ್ಕೆ ಯಾರು ಬರಬೇಕೆಂದು ತೀರ್ಮಾನಿಸುವ ಮೇಜಿನ ಸುತ್ತ ಕೂರುವುದು ದೊಡ್ಡದು.

ಗಂಡಸರ ಹೆಸರು ಈ ಚರ್ಚೆಯಲ್ಲಿ ಕಡಿಮೆ ಕೇಳಿಸುತ್ತದೆ. 2009ರಲ್ಲಿ ಅಫ್ಗಾನಿಸ್ತಾನದಲ್ಲಿ ರಸ್ತೆಬದಿಯ ಬಾಂಬಿಗೆ ಕಾಲು ಕಳೆದುಕೊಂಡ ಅಮೆರಿಕದ ಯೋಧ ಅಲೆಕ್ಸ್ ಮಿನ್‌ಸ್ಕಿ ಒಳಉಡುಪುಗಳ ಮಾಡೆಲ್ ಆದರು. ಇಂಗ್ಲೆಂಡಿನ ಜ್ಯಾಕ್ ಐಯರ್ಸ್ ಕೃತಕ ಕಾಲಿನಲ್ಲೇ 2017ರ ‘ಮಿಸ್ಟರ್ ಇಂಗ್ಲೆಂಡ್’ ಪಟ್ಟ ಗೆದ್ದರು. ಇಬ್ಬರೂ ವ್ಯಾಯಾಮದಿಂದ ಹುರಿಗೊಂಡ ಮೈಯವರು ಎಂಬುದನ್ನು ಗಮನದಲ್ಲಿಟ್ಟುಕೊಳ್ಳೋಣ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಬಟ್ಟೆ, ಕಾಲು, ಮೆಟ್ಟಿಲು

ಮಾಡೆಲಿಂಗ್ ಎಂದರೆ ರ‍್ಯಾಂಪ್ ಎಂದೇ ಹೊರಗಿನವರ ಎಣಿಕೆ. ರ‍್ಯಾಂಪ್ ತರುವುದು ಹೆಸರು. ಹೊಟ್ಟೆಗೆ ಆಗುವುದು ಕ್ಯಾಟಲಾಗ್, ಜಾಹೀರಾತು, ಆನ್‌ಲೈನ್ ಅಂಗಡಿಗಳ ಫೋಟೊ ಶೂಟ್. ಅಂಗವೈಕಲ್ಯ ಇರುವವರನ್ನು ಸಲೀಸಾಗಿ ಕರೆಯುವುದು ರ‍್ಯಾಂಪಿಗೆ. ಒಂದು ಸಂಜೆಯ ಸಂಗತಿ, ಒಂದೇ ಉಡುಪು, ಮರುದಿನ ಪತ್ರಿಕೆಯಲ್ಲಿ ಫೋಟೊ. ದಿನಕ್ಕೆ ಹತ್ತಾರು ಉಡುಪು ಬದಲಿಸಬೇಕಾದ ಕ್ಯಾಟಲಾಗ್ ಕೆಲಸದ ಹೊತ್ತಿಗೆ ಫೋನು ಸುಮ್ಮನಾಗುತ್ತದೆ. ಇದಕ್ಕೆ ಪೂರ್ವಗ್ರಹ ಒಂದು ಕಾರಣ. ಉಳಿದ ಕಾರಣಗಳು ಬಟ್ಟೆಯ ಕತ್ತರಿಯಲ್ಲಿ, ಸ್ಟುಡಿಯೊದ ಕಟ್ಟಡದಲ್ಲಿ ಇವೆ.

ಮಾದರಿ ಉಡುಪುಗಳೆಲ್ಲ ನಿಂತ ಮೈಗೆ ಅಳೆದು ಹೊಲಿದವು. ಕೂತವರ ಮೇಲೆ ಪ್ಯಾಂಟಿನ ಹಿಂಭಾಗ ಕೆಳಗೆ ಜಾರುತ್ತದೆ, ಮುಂಭಾಗದ ಬಟ್ಟೆ ಹೊಟ್ಟೆಯ ಬಳಿ ಮುದ್ದೆಯಾಗುತ್ತದೆ, ಕಾಲಿನ ಉದ್ದ ಸಾಲದೆ ಬರುತ್ತದೆ, ಕೋಟಿನ ಅಂಚು ಸೊಂಟದ ಸುತ್ತ ಉಬ್ಬಿ ನಿಲ್ಲುತ್ತದೆ. ಹಿಂದಿನ ಜೇಬು, ದಪ್ಪ ಹೊಲಿಗೆ ಎಲ್ಲ ತಾಸುಗಟ್ಟಲೆ ಅವುಗಳ ಮೇಲೆ ಕೂತವರಿಗೆ ಚರ್ಮದ ಹುಣ್ಣಿಗೆ ದಾರಿ; ಸ್ಪರ್ಶವೇ ತಿಳಿಯದ ಬೆನ್ನುಹುರಿ ಗಾಯದವರಿಗೆ ಅಂಥ ಹುಣ್ಣು ತಿಂಗಳುಗಟ್ಟಲೆ ಹಾಸಿಗೆ ಹಿಡಿಸಬಹುದು. ಫೋಟೊದಲ್ಲಿ ಬಟ್ಟೆ ಚೆನ್ನಾಗಿ ಕಾಣದಿದ್ದರೆ ತಪ್ಪು ಮಾಡೆಲ್ ಮೇಲೆ ಬರುತ್ತದೆ. ಕೂತ ಮೈಗೆ ಕತ್ತರಿಸಿದ್ದರೆ ಅದೇ ಬಟ್ಟೆ ಅದೇ ವ್ಯಕ್ತಿಗೆ ಒಪ್ಪುತ್ತಿತ್ತು.

ಕೃತಕ ಕಾಲಿನ ಲೆಕ್ಕ ಇನ್ನೂ ಸೂಕ್ಷ್ಮ. ಸಾಮಾನ್ಯವಾದ ಕೃತಕ ಪಾದವನ್ನು ಒಂದು ನಿರ್ದಿಷ್ಟ ಹಿಮ್ಮಡಿ ಎತ್ತರಕ್ಕೆ ಹೊಂದಿಸಿರುತ್ತಾರೆ. ಚಪ್ಪಟೆ ಚಪ್ಪಲಿಗೆ ಹೊಂದಿಸಿದ ಪಾದಕ್ಕೆ ಎತ್ತರದ ಹಿಮ್ಮಡಿ ತೊಡಿಸಿದರೆ ಇಡೀ ಮೈ ಮುಂದಕ್ಕೆ ವಾಲುತ್ತದೆ. ಹಿಮ್ಮಡಿಗೆ ತಕ್ಕಂತೆ ಹೊಂದಿಸಿಕೊಳ್ಳಬಹುದಾದ ಪಾದಗಳು ಇವೆ, ಆದರೆ ದುಬಾರಿ. ಕತ್ತರಿಸಿದ ಮೇಲೆ ಉಳಿದಿರುವ ಕಾಲಿನ ಭಾಗದ ಗಾತ್ರ ಬೆಳಗಿನಿಂದ ಸಂಜೆಗೆ ಬದಲಾಗುತ್ತದೆ. ಅದನ್ನು ಹಿಡಿದಿಡುವ ಕೃತಕ ಕಾಲಿನ ಕವಚ ಸಡಿಲವಾದರೆ ನಡುವೆ ಕಾಲುಚೀಲ ಸೇರಿಸಿಕೊಳ್ಳಬೇಕು. ಇದನ್ನು ಅರಿಯದ ನಿರ್ದೇಶಕರು ಇನ್ನೊಂದು ಟೇಕ್, ಮತ್ತೊಂದು ಟೇಕ್ ಎನ್ನುತ್ತ ಹೋದರೆ ಮರುದಿನ ಆ ಕಾಲು ತೊಡುವುದೇ ಕಷ್ಟ. ಇದೇ ಸಂಗತಿಯನ್ನು ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಮಲಿನ್ಸ್ ಬಳಿ ಬೇರೆ ಬೇರೆ ಎತ್ತರದ ಹಲವು ಜೊತೆ ಕಾಲುಗಳಿವೆ. ಕೆಲಸಕ್ಕೆ ತಕ್ಕಂತೆ ತಮ್ಮ ಎತ್ತರವನ್ನೇ ಆರಿಸಿಕೊಳ್ಳುವುದು ಬೇರೆ ಮಾಡೆಲ್‌ಗಳಿಗೆ ಸಾಧ್ಯವಿಲ್ಲದ ಮಾತು. 2012ರಲ್ಲಿ ಟಾಕ್ಸಿಕ್ ಶಾಕ್ ಸಿಂಡ್ರೋಮ್‌ನಿಂದ ಒಂದು ಕಾಲನ್ನೂ 2018ರಲ್ಲಿ ಇನ್ನೊಂದನ್ನೂ ಕಳೆದುಕೊಂಡ ಲಾರೆನ್ ವಾಸರ್‌ಗೆ ಚಿನ್ನದ ಬಣ್ಣದ ಕಾಲುಗಳೇ ಗುರುತಾದವು. ಎಲುಬಿನ ಕ್ಯಾನ್ಸರಿನ ಕಾರಣ ಕಾಲು ಕಳೆದುಕೊಂಡಿದ್ದ, 2019ರಲ್ಲಿ ಮೂವತ್ತರ ಹರಯದಲ್ಲೇ ತೀರಿಕೊಂಡ ಮಾಮಾ ಕ್ಯಾಕ್ಸ್ ತಮ್ಮ ಕೃತಕ ಕಾಲಿಗೆ ಬಣ್ಣಬಣ್ಣದ ಹೊದಿಕೆ ತೊಡಿಸಿ ಅದನ್ನೂ ಉಡುಪಿನ ಭಾಗವಾಗಿಸಿದ್ದರು.

ಇನ್ನು ಜಾಗ. ಆಟಿಕೆ ಕಂಪನಿ ಮ್ಯಾಟೆಲ್ 1997ರಲ್ಲಿ ಗಾಲಿಕುರ್ಚಿಯಲ್ಲಿ ಕೂತ ಬೆಕಿ ಎಂಬ ಗೊಂಬೆಯನ್ನು ಬಾರ್ಬಿಯ ಗೆಳತಿಯಾಗಿ ತಂದಿತು. ಬಾರ್ಬಿಯ ಮನೆಯ ಲಿಫ್ಟಿನೊಳಗೆ ಬೆಕಿಯ ಕುರ್ಚಿ ಹಿಡಿಸುವುದಿಲ್ಲವೆಂದು ಬೇಗನೆ ಗೊತ್ತಾಯಿತು. ಮನೆಯನ್ನು ಬದಲಿಸುವ ಬದಲು ಕೊನೆಗೆ ಬೆಕಿಯೇ ಮಾರುಕಟ್ಟೆಯಿಂದ ಮರೆಯಾದಳು. 2019ರಲ್ಲಿ ಗಾಲಿಕುರ್ಚಿಯ ಬಾರ್ಬಿ ಬಂದಾಗ ಜೊತೆಗೊಂದು ಇಳಿಜಾರು ಹಲಗೆಯನ್ನೂ ಕೊಟ್ಟರು. ನಿಜವಾದ ಸ್ಟುಡಿಯೊಗಳು ಹಲವೆಡೆ ಇನ್ನೂ 1997ರಲ್ಲೇ ಇವೆ. ನಮ್ಮಲ್ಲಂತೂ ವ್ಯಾನಿಟಿ ವ್ಯಾನಿನ ಕಡಿದಾದ ಮೆಟ್ಟಿಲು, ಮೇಕಪ್ಪಿನ ಎತ್ತರದ ಕುರ್ಚಿ, ಗಾಲಿಕುರ್ಚಿ ತಿರುಗಲಾಗದ ಶೌಚಾಲಯ, ಮೂರನೇ ಮಹಡಿಯ ಆಡಿಷನ್ ಕೋಣೆ. ಶೌಚಾಲಯ ಇಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ದೀಪಗಳ ಕಾವಿನಲ್ಲಿ ಕೂರುವುದು ಎಂಥ ಶಿಕ್ಷೆ ಎಂದು ಯೋಚಿಸಿದವರಿಗೆ ಮೊದಲ ಕರೆಗೆ ಒಪ್ಪಿದವರು ಎರಡನೆಯದಕ್ಕೆ ತಾವೇ ಏಕೆ ಹಿಂಜರಿಯುತ್ತಾರೆಂದು ಅರ್ಥವಾದೀತು.

ದುಡ್ಡಿನ ಗಣಿತ

ಮಾಡೆಲ್‌ಗಳ ವರಮಾನ ಮಳೆಯಂತೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಗವೈಕಲ್ಯದ ಖರ್ಚು ಮಾತ್ರ ಪ್ರತಿ ತಿಂಗಳೂ ತಪ್ಪದು: ಸಹಾಯಕರ ಸಂಬಳ, ಟ್ಯಾಕ್ಸಿ, ಔಷಧ, ಉಪಕರಣದ ದುರಸ್ತಿ. ಈ ಎರಡರ ನಡುವೆ ಸರ್ಕಾರಿ ನೆರವು ಇರಬೇಕು. ಅದೇ ಕೆಲವೆಡೆ ಉರುಳಾಗುತ್ತದೆ. ಅಮೆರಿಕದಲ್ಲಿ ಎಸ್‌ಎಸ್‌ಐ ಎಂಬ ನೆರವು ಪಡೆಯುವ ಒಂಟಿ ವ್ಯಕ್ತಿಯ ಬಳಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇರುವಂತಿಲ್ಲ. 1989ರಿಂದ ಈ ಮಿತಿ ಏರಿಲ್ಲ. ಒಂದು ಒಳ್ಳೆಯ ಜಾಹೀರಾತಿನ ಸಂಭಾವನೆ ಈ ಗೆರೆ ದಾಟಿಸಿಬಿಡಬಹುದು. ಹಲವು ರಾಜ್ಯಗಳಲ್ಲಿ ಆ ನೆರವಿನೊಂದಿಗೇ ಸರ್ಕಾರಿ ಆರೋಗ್ಯ ರಕ್ಷಣೆಯೂ, ಅದರ ಜೊತೆ ಮನೆಗೆ ಬರುವ ಸಹಾಯಕರ ಸೌಲಭ್ಯವೂ ತಳುಕು ಹಾಕಿಕೊಂಡಿವೆ. ಒಂದು ಕೆಲಸದ ದುಡ್ಡಿಗಾಗಿ ವರ್ಷವಿಡೀ ಬೇಕಾದ ಆಸರೆಯನ್ನು ಪಣಕ್ಕಿಡಬೇಕೇ ಎಂದು ಎಣಿಸಬೇಕಾದವರು ವೃತ್ತಿಯಲ್ಲಿ ಹೇಗೆ ಮುಂದೆ ಹೋಗುತ್ತಾರೆ? ಬ್ರಿಟನ್ನಿನ ‘ಆ್ಯಕ್ಸೆಸ್ ಟು ವರ್ಕ್’ ಯೋಜನೆಯ ತರ್ಕ ಇದಕ್ಕೆ ವಿರುದ್ಧ. ಕೆಲಸಕ್ಕೆ ಹೋಗಲು ಬೇಕಾದ ಪ್ರಯಾಣ, ಸಹಾಯಕರು, ಉಪಕರಣಗಳಿಗೆ ಅದು ಹಣ ಕೊಡುತ್ತದೆ; ಸ್ವಂತ ಉದ್ಯೋಗದವರಿಗೂ ಅನ್ವಯಿಸುತ್ತದೆ.

ಭಾರತದಲ್ಲಿ ಕೇಂದ್ರದ ಅಂಗವಿಕಲ ಪಿಂಚಣಿ ತಿಂಗಳಿಗೆ 300 ರೂಪಾಯಿ, ಅದೂ ಬಡತನ ರೇಖೆಯ ಕೆಳಗಿನ, ಶೇ 80 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವವರಿಗೆ. ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರ ಮೀಸಲಾತಿ ಕೊಟ್ಟಿತು, ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕೆಂದು ಹೇಳಿತು. ಆದರೆ ಮಾಡೆಲ್ ಯಾರ ನೌಕರರೂ ಅಲ್ಲ. ಅವರು ದಿನದ ಲೆಕ್ಕಕ್ಕೆ ಕರೆಸಿಕೊಳ್ಳುವವರು. ‘ಈ ಪಾತ್ರಕ್ಕೆ ನೀವು ಹೊಂದುವುದಿಲ್ಲ’ ಎಂಬ ಒಂದು ಮಾತಿನಲ್ಲಿ ಎಲ್ಲ ತಾರತಮ್ಯವೂ ಅಡಗಿಬಿಡುತ್ತದೆ. ಅದನ್ನು ಯಾವ ನ್ಯಾಯಾಲಯದಲ್ಲಿ ಸಾಬೀತು ಮಾಡುವುದು?

ನಮ್ಮ ನೆಲದಲ್ಲಿ

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಆಗ ಎಣಿಸಿದ್ದು ಕೆಲವೇ ಬಗೆಯ ವೈಕಲ್ಯಗಳನ್ನು. 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿತು. ಸೆರೆಬ್ರಲ್ ಪಾಲ್ಸಿ, ಕುಬ್ಜತೆ, ಸ್ನಾಯುಕ್ಷಯಗಳ ಸಾಲಿನಲ್ಲೇ ಆ್ಯಸಿಡ್ ದಾಳಿಗೆ ಒಳಗಾದವರನ್ನೂ ದೈಹಿಕ ವೈಕಲ್ಯದ ಅಡಿಯಲ್ಲಿ ಸೇರಿಸಿದ್ದು ಇದರ ವಿಶೇಷ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಂಬೈನ ರೇಷ್ಮಾ ಖುರೇಷಿ ವಿನ್ಯಾಸಕಿ ಅರ್ಚನಾ ಕೊಚ್ಚರ್ ಅವರ ಉಡುಪಿನಲ್ಲಿ ನ್ಯೂಯಾರ್ಕ್ ಫ್ಯಾಷನ್ ವೀಕ್‌ನ ರ‍್ಯಾಂಪ್ ಮೇಲೆ ನಡೆದರು. ಎರಡು ವರ್ಷ ಮೊದಲು ಆ್ಯಸಿಡ್ ದಾಳಿಯಲ್ಲಿ ಅವರ ಒಂದು ಕಣ್ಣು ಹೋಗಿತ್ತು. ಮುಖವೇ ಬಂಡವಾಳ ಎನ್ನುವ ವೃತ್ತಿಗೆ ಅದೊಂದು ದಿಟ್ಟ ಪ್ರಶ್ನೆ. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅವು ಬರೆದದ್ದರಲ್ಲಿ ದಾಳಿಯ ಕಥೆ ಹೆಚ್ಚು, ಕೆಲಸದ ಕಥೆ ಕಡಿಮೆ.

ಬೆಂಗಳೂರಿನ ದಂತವೈದ್ಯೆ ಡಾ. ರಾಜಲಕ್ಷ್ಮಿ ಎಸ್.ಜೆ. ಅವರ ಬೆನ್ನುಹುರಿಗೆ 2007ರ ರಸ್ತೆ ಅಪಘಾತದಲ್ಲಿ ಪೆಟ್ಟಾಯಿತು. ಓದು ಬಿಡಲಿಲ್ಲ, ವೈದ್ಯ ವೃತ್ತಿ ಬಿಡಲಿಲ್ಲ. 2014ರಲ್ಲಿ ಮಿಸ್ ವೀಲ್‌ಚೇರ್ ಇಂಡಿಯಾ ಆದರು. ಗಾಲಿಕುರ್ಚಿ ಬಳಸುವವರ ಮೊದಲ ವಿಶ್ವಸುಂದರಿ ಸ್ಪರ್ಧೆ 2017ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ವಾರ್ಸಾದಲ್ಲಿ ನಡೆದಾಗ ಭಾರತದಿಂದ ಹೋಗಿ ಜನಪ್ರಿಯ ಸ್ಪರ್ಧಿ ಎಂಬ ಬಿರುದು ಪಡೆದರು. ಕಿರೀಟ ಬೆಲಾರುಸ್‌ನ ಅಲೆಕ್ಸಾಂದ್ರಾ ಚಿಚಿಕೋವಾಗೆ ಹೋಯಿತು. 2014ರ ಭಾರತದ ಸ್ಪರ್ಧೆಯಲ್ಲಿ ರನ್ನರ್ ಅಪ್ ಆಗಿದ್ದ ವಿರಾಲಿ ಮೋದಿ ಆಮೇಲೆ ರೈಲುಗಳನ್ನು ಅಂಗವಿಕಲರೂ ಹತ್ತುವಂತೆ ಮಾಡಬೇಕೆಂಬ ಅಭಿಯಾನದಿಂದ ಹೆಸರಾದರು. ಬಾಲ್ಯದಲ್ಲಿ ಬಿಕಾನೇರ್‌ನಲ್ಲಿ ಸ್ಫೋಟಕ್ಕೆ ಎರಡೂ ಕೈ ಕಳೆದುಕೊಂಡ ಮಾಳವಿಕಾ ಅಯ್ಯರ್ ಚೆನ್ನೈನಲ್ಲಿ ಎನ್‌ಐಎಫ್‌ಟಿ ಮತ್ತು ಎಬಿಲಿಟಿ ಫೌಂಡೇಷನ್ನಿನ ಪ್ರದರ್ಶನದಲ್ಲಿ ಮುಖ್ಯ ಆಕರ್ಷಣೆಯಾಗಿ ನಡೆದರು. ಅಂಗವೈಕಲ್ಯ ಇರುವವರಿಗೆ ಒಪ್ಪುವ ಬಟ್ಟೆಯ ಬಗ್ಗೆಯೇ ಅಲ್ಲಿ ಮಾತಾಡಿದರು.

ಈ ನಾಲ್ವರನ್ನೂ ಸೇರಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾರ ಬದುಕೂ ಮಾಡೆಲಿಂಗ್ ಒಂದರ ಮೇಲೆ ನಿಂತಿಲ್ಲ. ವೈದ್ಯಕೀಯ, ಹೋರಾಟ, ಭಾಷಣ, ಸಮಾಜಸೇವೆ ಜೊತೆಗಿವೆ. ಸೌಂದರ್ಯ ಸ್ಪರ್ಧೆಗಳಿಂದ ಆತ್ಮವಿಶ್ವಾಸ, ಗೆಳೆತನ, ಮನೆಯವರ ಕಣ್ಣಲ್ಲಿ ಹೊಸ ಬೆಲೆ ಸಿಗುತ್ತವೆ. ಅದು ಸಣ್ಣ ಲಾಭವೇನಲ್ಲ. ಆದರೆ ಕಿರೀಟದ ಹಿಂದೆ ಕರಾರುಪತ್ರ ಬರುವುದಿಲ್ಲ. ಇದನ್ನು ಬದಲಿಸುವ ಪ್ರಯತ್ನಗಳೂ ಶುರುವಾಗಿವೆ. ದೃಷ್ಟಿದೋಷ ಇರುವ ವಿನೀತ್ ಸರಾಯ್‌ವಾಲಾ ಕಟ್ಟಿದ ‘ಎಟಿಪಿಕಲ್ ಅಡ್ವಾಂಟೇಜ್’ ಅಂಗವೈಕಲ್ಯ ಇರುವ ಕಲಾವಿದರು, ಮಾಡೆಲ್‌ಗಳನ್ನು ಕಂಪನಿಗಳಿಗೆ ಪರಿಚಯಿಸಿ ಕೆಲಸ ಕೊಡಿಸುವ ವೇದಿಕೆ.

ಬೆಂಗಳೂರಿಗೆ ಇಲ್ಲಿ ಬೇರೆಯದೇ ಹೊಣೆ ಇದೆ. ದೇಶದ ದೊಡ್ಡ ಆನ್‌ಲೈನ್ ಬಟ್ಟೆ ಅಂಗಡಿಗಳಾದ ಫ್ಲಿಪ್‌ಕಾರ್ಟ್, ಮಿಂತ್ರಾ ಎರಡರ ಮುಖ್ಯ ಕಚೇರಿಗಳೂ ಇಲ್ಲಿವೆ. ಪ್ರತಿ ಕುರ್ತಾ, ಪ್ರತಿ ಅಂಗಿಗೂ ನಾಲ್ಕೈದು ಕೋನಗಳ ಫೋಟೊ ಬೇಕಾದ ಈ ವ್ಯಾಪಾರದಲ್ಲಿ ಮಾಡೆಲ್‌ಗಳ ಬೇಡಿಕೆ ವರ್ಷದುದ್ದಕ್ಕೂ ಇರುತ್ತದೆ. ಪ್ರಚಾರವಿಲ್ಲದ, ದಿನನಿತ್ಯದ, ದುಡ್ಡು ಬರುವ ಕೆಲಸ ಎಂದರೆ ಇದೇ. ಇಲ್ಲಿ ಅಡ್ಡಿ ವೇಗ. ದಿನದಲ್ಲಿ ಎಷ್ಟು ಉಡುಪು ಮುಗಿಯಿತು ಎಂಬುದರ ಮೇಲೆ ಸ್ಟುಡಿಯೊದ ಲೆಕ್ಕ ನಿಂತಿರುವಾಗ, ಬಟ್ಟೆ ಬದಲಿಸಲು ಹೆಚ್ಚು ಹೊತ್ತು ಬೇಕಾದವರು ದುಬಾರಿಯಾಗಿ ಕಾಣುತ್ತಾರೆ. ದಾರಿ ಇಲ್ಲದಿಲ್ಲ. ಒಬ್ಬರು ಬಟ್ಟೆ ಬದಲಿಸುವಾಗ ಇನ್ನೊಬ್ಬರ ಫೋಟೊ ತೆಗೆಯಬಹುದು, ಅರ್ಧ ದಿನದ ಪಾಳಿ ಮಾಡಬಹುದು, ಬಟ್ಟೆಗಿಂತ ಬೇಗ ಬದಲಾಗುವ ಕನ್ನಡಕ, ಗಡಿಯಾರ, ಒಡವೆ, ದುಪಟ್ಟಾಗಳಿಂದ ಶುರು ಮಾಡಬಹುದು. ಇವಕ್ಕೆಲ್ಲ ದೊಡ್ಡ ಬಂಡವಾಳ ಬೇಡ, ವೇಳಾಪಟ್ಟಿ ಬರೆಯುವವರ ಮನಸ್ಸು ಸಾಕು.

ಕರುಣೆ, ಸ್ಫೂರ್ತಿ, ಆಯ್ಕೆ

ನಮ್ಮಲ್ಲಿ ಅಂಗವಿಕಲ ದೇಹದ ಚಿತ್ರ ಬಹುಕಾಲ ಕಂಡದ್ದು ದೇಣಿಗೆಯ ಕರಪತ್ರದಲ್ಲಿ. ಈಗ ಅದರ ಜಾಗದಲ್ಲಿ ಸ್ಫೂರ್ತಿಯ ಚಿತ್ರ ಬಂದಿದೆ. ಆಸ್ಟ್ರೇಲಿಯಾದ ಪತ್ರಕರ್ತೆ ಸ್ಟೆಲ್ಲಾ ಯಂಗ್ 2014ರ ತಮ್ಮ ಭಾಷಣದಲ್ಲಿ ಇದನ್ನು ನೇರವಾಗಿ ಪ್ರಶ್ನಿಸಿದರು: ಅಂಗವಿಕಲರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದದ್ದೇ ಉಳಿದವರಿಗೆ ಸ್ಫೂರ್ತಿಯಾಗುವುದಾದರೆ, ಅವರಿಂದ ನಿರೀಕ್ಷೆ ಎಷ್ಟು ಕಡಿಮೆ ಎಂದಾಯಿತು! ಮಾಡೆಲ್‌ಗಳಿಗೆ ಇದರಿಂದ ಆಗುವ ನಷ್ಟ ವ್ಯಾವಹಾರಿಕವಾದದ್ದು. ಸ್ಫೂರ್ತಿಗೆಂದು ಕರೆದವರು ಸಂಭಾವನೆಯ ಮಾತು ಬಂದರೆ ಮುಖ ಸಪ್ಪೆ ಮಾಡುತ್ತಾರೆ. ‘ವೇದಿಕೆ ಕೊಟ್ಟಿದ್ದೇವಲ್ಲ’ ಎನ್ನುತ್ತಾರೆ. ಸ್ಫೂರ್ತಿಯ ಕಥೆಯನ್ನು ಒಬ್ಬರಿಂದ ಒಂದೇ ಸಲ ಹೇಳಿಸಬಹುದು, ಮುಂದಿನ ವರ್ಷ ಹೊಸ ಕಥೆ ಬೇಕು. ಅಂಗಿಯನ್ನು ಮಾತ್ರ ಒಬ್ಬರೇ ಎಷ್ಟು ಸಲವಾದರೂ ಚೆನ್ನಾಗಿ ತೊಟ್ಟು ತೋರಿಸಬಹುದು.

ಇನ್ನೊಂದು ಸಮಸ್ಯೆ ಒಳಗಿನ ಆಯ್ಕೆಯದು. ಬೆಳ್ಳಗೆ ಮಿನುಗುವ ಕೃತಕ ಕಾಲು, ಅಚ್ಚುಕಟ್ಟಾದ ಪುಟ್ಟ ಗಾಲಿಕುರ್ಚಿ, ಉಳಿದಂತೆ ಎಂದಿನ ತೆಳ್ಳಗಿನ, ಹುರಿಗೊಂಡ ಮೈ ಇದ್ದರೆ ಕ್ಯಾಮೆರಾ ಬೇಗ ಒಪ್ಪುತ್ತದೆ. ಸೆಳೆತದಿಂದ ತಿರುಚಿದ ಕೈ, ತಲೆಗೆ ಆಸರೆ ಇರುವ ಭಾರಿ ವಿದ್ಯುತ್ ಕುರ್ಚಿ, ಉಸಿರಾಟದ ನಳಿಕೆಗಳಿಗೆ ಆ ಒಪ್ಪಿಗೆ ಇಲ್ಲ. ಫಿಲಿಪ್ ಅವರ ಯಶಸ್ಸಿಗೆ ಹೆಚ್ಚು ಬೆಲೆ ಇರುವುದು ಈ ಕಾರಣಕ್ಕೇ. ಫ್ಯಾಷನ್ ಲೋಕ ತನ್ನ ಹಳೆಯ ಅಳತೆಪಟ್ಟಿಯನ್ನು ಬಿಸಾಡಿಲ್ಲ, ಅದರಲ್ಲಿ ಒಂದು ರಿಯಾಯಿತಿ ಸೇರಿಸಿಕೊಂಡಿದೆ ಅಷ್ಟೆ.

ಭಾರತದ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ನಿಪುಣ್ ಮಲ್ಹೋತ್ರ ಪ್ರಕರಣದಲ್ಲಿ ದೃಶ್ಯ ಮಾಧ್ಯಮಗಳಿಗೆ ಮಾರ್ಗಸೂಚಿ ಕೊಟ್ಟಿತು. ಪ್ರಕರಣ ಒಂದು ಹಿಂದಿ ಸಿನಿಮಾಕ್ಕೆ ಸಂಬಂಧಿಸಿದ್ದು. ಅಂಗವೈಕಲ್ಯವನ್ನು ಗೇಲಿಗೂ ಅತಿಮಾನುಷ ಸಾಧನೆಯ ಕಥೆಗೂ ಸೀಮಿತಗೊಳಿಸಬಾರದು, ಅಂಥವರ ಚಿತ್ರಣದಲ್ಲಿ ಅವರೇ ಪಾಲ್ಗೊಳ್ಳಬೇಕು ಎಂಬುದು ಅದರ ಸಾರ. ಜಾಹೀರಾತು ಕಂಪನಿಗಳು ಇದನ್ನು ತಮಗೂ ಹೇಳಿದ ಮಾತೆಂದು ಓದಿಕೊಂಡರೆ ಒಳ್ಳೆಯದು.

ಹೊಸಬರು ತಿಳಿದಿರಬೇಕಾದ್ದು

ಈ ದಾರಿಗೆ ಇಳಿದವರ ಅನುಭವದಿಂದ ಕೆಲವು ಮಾತುಗಳನ್ನು ಸಂಗ್ರಹಿಸಬಹುದು. ಪೋರ್ಟ್‌ಫೋಲಿಯೊದಲ್ಲಿ ಗಾಲಿಕುರ್ಚಿಯನ್ನೋ ಕೃತಕ ಅಂಗವನ್ನೋ ಮರೆಮಾಚಿ ತೆಗೆಸಿದ ಫೋಟೊಗಳಿಂದ ಲಾಭವಿಲ್ಲ. ಆಯ್ಕೆಯ ದಿನ ಎದುರಿನವರಿಗೆ ಅಚ್ಚರಿಯಾದರೆ ಕೆಲಸ ಹೋಗುತ್ತದೆ. ಉಪಕರಣ ಕಾಣುವ ಪೂರ್ಣ ಚಿತ್ರ, ಮುಖದ ಹತ್ತಿರದ ಚಿತ್ರ ಎರಡೂ ಇರಲಿ. ತಮಗೆ ಬೇಕಾದ ಸೌಲಭ್ಯಗಳನ್ನು ಒಂದು ಪುಟದಲ್ಲಿ ಬರೆದು ಒಪ್ಪಂದಕ್ಕೆ ಮೊದಲೇ ಕಳಿಸಬೇಕು: ಬಾಗಿಲಿನ ಅಗಲ, ಶೌಚಾಲಯ, ವಿರಾಮದ ಅಂತರ, ಸಹಾಯಕರ ಊಟ–ಪ್ರಯಾಣದ ಖರ್ಚು, ಯಾವ ಎತ್ತರದ ಹಿಮ್ಮಡಿ ತೊಡಬಲ್ಲೆ ಎಂಬ ವಿವರ. ಇದು ಗೋಗರೆಯುವ ಪತ್ರವಲ್ಲ, ಎಲ್ಲ ವೃತ್ತಿಪರರೂ ಕೊಡುವ ಕೆಲಸದ ಷರತ್ತು. ಫೋಟೊವನ್ನು ಎಲ್ಲಿ, ಎಷ್ಟು ಕಾಲ ಬಳಸುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಒಂದು ದಿನದ ಕೂಲಿ ಕೊಟ್ಟು ಹತ್ತು ವರ್ಷ ಜಾಹೀರಾತಿನಲ್ಲಿ ಬಳಸುವವರಿದ್ದಾರೆ. ಸೇರಿಸಿಕೊಳ್ಳಲು ಮುಂಗಡ ದುಡ್ಡು ಕೇಳುವ ಏಜೆನ್ಸಿಯಿಂದ ದೂರ ಇರಬೇಕು. ಸರಿಯಾದ ಏಜೆನ್ಸಿ ಕೆಲಸ ಕೊಡಿಸಿದ ಮೇಲೆ ಅದರಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಮರ್ಕಾಡೊ, ಬರ್ಕ್ ತೋರಿಸಿಕೊಟ್ಟಂತೆ, ಬರವಣಿಗೆ, ವಿನ್ಯಾಸ, ಸಲಹೆಯಂಥ ಪಕ್ಕದ ಕೌಶಲವೊಂದು ಕೈಯಲ್ಲಿದ್ದರೆ ಕರೆ ಬಾರದ ತಿಂಗಳುಗಳನ್ನು ದಾಟಬಹುದು.

ಆದರೆ ಎಲ್ಲ ಹೊಣೆಯನ್ನೂ ಹೊಸಬರ ಹೆಗಲಿಗೆ ಹೊರಿಸುವುದು ಅನ್ಯಾಯ. ಬದಲಾವಣೆ ಗಟ್ಟಿಯಾಗಿ ನಿಂತದ್ದು ಬಟ್ಟೆಯೇ ಬದಲಾದ ಕಡೆ. ಸ್ನಾಯುಕ್ಷಯ ಇರುವ ತಮ್ಮ ಮಗನಿಗೆ ಜೀನ್ಸ್ ತೊಡುವ ಆಸೆಯೆಂದು ಅಮೆರಿಕದ ವಿನ್ಯಾಸಕಿ ಮಿಂಡಿ ಶಾಯರ್ ಗುಂಡಿ–ಜಿಪ್‌ಗಳ ಬದಲು ಬೇರೆ ಬಗೆ ಹುಡುಕಿದರು; ಅವರ ‘ರನ್‌ವೇ ಆಫ್ ಡ್ರೀಮ್ಸ್’ ಸಂಸ್ಥೆಯ ಜೊತೆಗೂಡಿ ಟಾಮಿ ಹಿಲ್‌ಫಿಗರ್ 2016ರಲ್ಲಿ ಮಕ್ಕಳಿಗೆ, ಮರುವರ್ಷ ದೊಡ್ಡವರಿಗೆ, ಅಯಸ್ಕಾಂತದ ಗುಂಡಿಯಂಥ ಅನುಕೂಲಗಳಿರುವ ಉಡುಪು ತಂದಿತು. ಅಂಥ ಬಟ್ಟೆ ಮಾರಾಟಕ್ಕೆ ಬಂದಾಗ ಅದನ್ನು ತೊಟ್ಟು ತೋರಿಸಲು ಅಂಗವೈಕಲ್ಯ ಇರುವ ಮಾಡೆಲ್ ಬೇಕೇ ಬೇಕು, ಪ್ರತಿ ಹೊಸ ಸಂಗ್ರಹಕ್ಕೂ ಬೇಕು. ಅಲ್ಲಿ ಎರಡನೆಯ ಕರೆ ಯಾರ ದೊಡ್ಡತನದಿಂದಲೂ ಬರುವುದಿಲ್ಲ, ವ್ಯಾಪಾರದ ಅಗತ್ಯದಿಂದ ಬರುತ್ತದೆ.

ಹಾಗಾಗಿ ಮುಂದಿನ ಸಲ ಯಾವುದಾದರೂ ಬ್ರ್ಯಾಂಡ್ ‘ಇದೇ ಮೊದಲ ಬಾರಿಗೆ’ ಎಂದು ಅಂಗವೈಕಲ್ಯ ಇರುವ ಮಾಡೆಲ್ ಒಬ್ಬರನ್ನು ಮುಂದೆ ತಂದಾಗ ಗ್ರಾಹಕರು ಮೂರು ಪ್ರಶ್ನೆ ಕೇಳಬೇಕು. ಅವರು ತೊಟ್ಟ ಬಟ್ಟೆ ಅವರಂಥವರು ಕೊಂಡು ತೊಡುವಂತಿದೆಯೇ? ಉಳಿದ ಮಾಡೆಲ್‌ಗಳಿಗೆ ಕೊಟ್ಟಷ್ಟೇ ದುಡ್ಡನ್ನು ಅವರಿಗೂ ಕೊಟ್ಟಿರಾ? ಬರುವ ಹಬ್ಬದ ಕ್ಯಾಟಲಾಗಿನಲ್ಲೂ ಅವರಿದ್ದಾರೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಮಾತ್ರ ಅದನ್ನು ಮಾಡೆಲಿಂಗ್ ವೃತ್ತಿ ಎನ್ನೋಣ. ಅಲ್ಲಿಯವರೆಗೆ ಅದು ಆ ಬ್ರ್ಯಾಂಡಿನ ಜಾಹೀರಾತಷ್ಟೇ.